ಕಾಲುಬಾಯಿ ಜ್ವರದ ಲಸಿಕೆ ಸುತ್ತು: ಊರಿನ ಮಟ್ಟದಲ್ಲಿ ಏನೇನು ಸಿದ್ಧವಿರಬೇಕು?

ಹಾಲುಸಂಘ_ತುಮಕೂರು

ಮುಂದಿನ ತಿಂಗಳು ನಮ್ಮ ಊರಿಗೆ ಕಾಲುಬಾಯಿ ಜ್ವರದ ಲಸಿಕೆ ಸುತ್ತು ಬರ್ತಿದೆ. ದನ, ಎಮ್ಮೆ, ಕರು ಎಲ್ಲ ಸೇರಿ 420 ರಾಸು. ಅದರಲ್ಲಿ 4 ತಿಂಗಳು ತುಂಬದ ಕರು ಸುಮಾರು 60, ತುಂಬು ಗಬ್ಬದವು 15. "ಲಸಿಕೆ ಹಾಕಿಸಿದರೆ ಹಾಲು ಇಳಿಯುತ್ತೆ" ಅನ್ನೋ ಮನೆಗಳ ರಾಸು 20ರ ಹತ್ತಿರ. ಇಲಾಖೆಯವರು ಬಂದು ಹಾಕ್ತಾರೆ, ಅದು ಅವರ ಕೆಲಸ. ಅವರು ಬರೋ ಮೊದಲು ಮತ್ತು ಹೋದ ಮೇಲೆ ಡೇರಿ, ಪಂಚಾಯ್ತಿ ಏನು ಮಾಡಬೇಕು? ರೋಗ ಕಾಣಿಸಿಕೊಂಡರೆ ಮೊದಲ ದಿನ ಏನು ಮಾಡಬೇಕು? ತಿಳಿದವರು ವಿವರವಾಗಿ ಬರೆಯಿರಿ. ಇದನ್ನೇ ಮುದ್ರಿಸಿ ಸಂಘದ ಗೋಡೆಗೆ ಅಂಟಿಸಬೇಕು ಅಂತಿದ್ದೇವೆ.

ನಿವೃತ್ತ_ಪಶುವೈದ್ಯ

ಕಾರ್ಯದರ್ಶಿಗಳೇ, ನೀವು ಕೊಟ್ಟ ಅಂಕಿಯಿಂದಲೇ ಶುರು ಮಾಡೋಣ. 420ರಲ್ಲಿ 60 ಸಣ್ಣ ಕರು, 15 ತುಂಬು ಗಬ್ಬ ಬಿಟ್ಟರೆ 345. ಒಪ್ಪದವರ 20 ಕಳೆದರೆ 325. ಲಸಿಕೆಗೆ ಅರ್ಹವಾದ ರಾಸುಗಳಲ್ಲಿ ಶೇ. 94 ಆಯಿತು ಅಂತ ವರದಿ ಹೋಗುತ್ತದೆ, ಎಲ್ಲರಿಗೂ ಸಮಾಧಾನ. ಆದರೆ ವೈರಸ್ಸಿಗೆ ಅರ್ಹ, ಅನರ್ಹ ಎಂಬ ಭೇದ ಇಲ್ಲ. ಊರಿನ ಒಟ್ಟು ರಾಸುಗಳ ಲೆಕ್ಕ ಹಿಡಿದರೆ 325 ಅಂದರೆ ಶೇ. 77. ರೋಗ ಹರಡದಂತೆ ತಡೆಯಲು ಒಟ್ಟು ರಾಸುಗಳಲ್ಲಿ ಕನಿಷ್ಠ ಶೇ. 80ಕ್ಕೆ ರಕ್ಷಣೆ ಇರಬೇಕು ಎಂದು ಹಿಡಿಯುತ್ತೇವೆ. ಅಂದರೆ ಕಾಗದದಲ್ಲಿ ಗೆದ್ದ ಊರು ಕೊಟ್ಟಿಗೆಯಲ್ಲಿ ಸೋತಿರಬಹುದು.

ಇದಕ್ಕೆ ಮದ್ದು ಎರಡನೇ ಭೇಟಿ. ಮೊದಲ ಸುತ್ತಿನ ದಿನವೇ ಬಿಟ್ಟುಹೋದ ರಾಸುಗಳ ಪಟ್ಟಿ ಬರೆದಿಟ್ಟು, ಒಂದು ತಿಂಗಳಿಗೆ ತಂಡವನ್ನು ಮತ್ತೆ ಕರೆಸಿ. ಅಷ್ಟರಲ್ಲಿ 15 ಕರುಗಳಿಗೆ 4 ತಿಂಗಳು ತುಂಬಿರುತ್ತದೆ, 10 ಹಸುಗಳು ಈದಿರುತ್ತವೆ, ಒಪ್ಪದವರಲ್ಲಿ ಅರ್ಧದಷ್ಟು ಮಂದಿ ಒಪ್ಪಿರುತ್ತಾರೆ ಅಂದುಕೊಳ್ಳಿ. ಇನ್ನೂ 35 ಸೇರಿ 360 ಆಯಿತು, ಶೇ. 85 ದಾಟಿತು.

ಎರಡನೇ ಭೇಟಿಗೆ ಇನ್ನೂ ದೊಡ್ಡ ಕಾರಣವಿದೆ. ಕರುವಿಗೆ ಜೀವನದ ಮೊದಲ ಡೋಸ್ 4 ತಿಂಗಳಿಗೆ. ಅದಾದ ಒಂದು ತಿಂಗಳಿಗೆ ಬೂಸ್ಟರ್ ಬೀಳಲೇಬೇಕು, ಆಮೇಲೆ 6 ತಿಂಗಳಿಗೊಮ್ಮೆ. ಸುತ್ತು 6 ತಿಂಗಳಿಗೊಮ್ಮೆ ಬರುವುದರಿಂದ ಬೂಸ್ಟರ್ ತಪ್ಪಿಯೇ ಹೋಗುತ್ತದೆ. ಒಂದೇ ಡೋಸ್ ಬಿದ್ದ ಕರುವಿನ ರಕ್ಷಣೆ ಮುಂದಿನ ಸುತ್ತಿನವರೆಗೆ ಎಳೆಯುವುದಿಲ್ಲ. "ಲಸಿಕೆ ಹಾಕಿದರೂ ರೋಗ ಬಂತು" ಎಂಬ ದೂರು ಬಂದ ಕಡೆ ರಿಜಿಸ್ಟರ್ ತೆಗೆದು ನೋಡಿ. ಬಹಳ ಸಲ ಅದು ಒಂದೇ ಡೋಸ್ ಕಂಡ ಕಡಸಾಗಿರುತ್ತದೆ. 4 ತಿಂಗಳಿಗಿಂತ ಮೊದಲು ಏಕೆ ಹಾಕುವುದಿಲ್ಲ ಅಂದರೆ, ಲಸಿಕೆ ಆದ ತಾಯಿಯ ಗಿಣ್ಣಿನಿಂದ ಬಂದ, ರೋಗದೊಡನೆ ಹೋರಾಡುವ ಪ್ರತಿಕಾಯಗಳು ಕರುವಿನ ಮೈಯಲ್ಲಿದ್ದು ಲಸಿಕೆ ನಾಟದಂತೆ ಮಾಡುತ್ತವೆ.

ಶೀತಲಪೆಟ್ಟಿಗೆ

ಡಾಕ್ಟ್ರು ಹೇಳಿದ ಲೆಕ್ಕವೆಲ್ಲ ಬಾಟಲಿಯೊಳಗಿನ ಲಸಿಕೆ ಕೆಡದೆ ಕೆಲಸ ಮಾಡುತ್ತಿದ್ದರೆ ಮಾತ್ರ. ಹಾಗಾಗಿ ತಂಪಿನ ವಿಷಯ ಬರೀತೀನಿ.

ಈ ಲಸಿಕೆ ಎಣ್ಣೆ ಬೆರೆಸಿದ್ದು, ಬಿಳಿ ಹಾಲಿನಂತಿರುತ್ತದೆ. ಓ, ಎ, ಏಷ್ಯಾ-1 ಎಂಬ ಮೂರು ಬಗೆಯ ವೈರಸ್ಸಿಗೂ ಒಂದೇ ಬಾಟಲಿ. 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಡಬೇಕು. ಬಿಸಿಯಾದರೆ ಕೆಡುತ್ತದೆ ಅನ್ನೋದು ಎಲ್ಲರಿಗೂ ಗೊತ್ತು. ಹೆಪ್ಪುಗಟ್ಟಿದರೂ ಅಷ್ಟೇ ಕೆಡುತ್ತದೆ ಅನ್ನೋದು ಗೊತ್ತಿರಲ್ಲ. ಒಮ್ಮೆ ಗಡ್ಡೆಯಾಗಿ ಕರಗಿದರೆ ಎಣ್ಣೆ, ನೀರು ಬೇರೆ ಬೇರೆ ಪದರವಾಗಿ ನಿಲ್ಲುತ್ತದೆ, ಕುಲುಕಿದರೂ ಸರಿಯಾಗಿ ಕೂಡಿಕೊಳ್ಳಲ್ಲ. ಅಂಥ ಬಾಟಲಿಯನ್ನು ಬಳಸಲೇಬೇಡಿ.

ಸಂಘದ ಫ್ರಿಜ್ಜಿನಲ್ಲಿ ಒಂದು ರಾತ್ರಿ ಇಡುವ ಸಂದರ್ಭ ಬಂದರೆ ನಡುವಿನ ತಟ್ಟೆಯಲ್ಲಿಡಿ. ಫ್ರೀಜರಿಗೆ ಅಂಟಿಕೊಂಡ ತಟ್ಟೆಯೂ ಬೇಡ, ಬಾಗಿಲಿನ ಗೂಡೂ ಬೇಡ. ಒಳಗೆ ಒಂದು ಥರ್ಮಾಮೀಟರ್ ಇಟ್ಟು ಬೆಳಿಗ್ಗೆ, ಸಂಜೆ ಬರೆದಿಡಿ. ಕರೆಂಟ್ ಹೋದರೆ ಬಾಗಿಲು ತೆಗೆಯದೆ ಬಿಡಿ.

ಕ್ಯಾರಿಯರ್ ಪೆಟ್ಟಿಗೆಗೆ ಐಸ್‌ಪ್ಯಾಕ್ ಹಾಕುವಾಗ ಫ್ರೀಜರಿನಿಂದ ತೆಗೆದ ಕೂಡಲೇ ತುಂಬಬಾರದು. ಹೊರಗಿಟ್ಟು, ಕಿವಿಯ ಹತ್ತಿರ ಅಲ್ಲಾಡಿಸಿದರೆ ಒಳಗೆ ನೀರು ಕುಲುಕುವ ಸದ್ದು ಬರಬೇಕು, ಆಮೇಲೆ ಹಾಕಿ. ಕಲ್ಲಿನಂತಿದ್ದ ಐಸ್‌ಪ್ಯಾಕಿಗೆ ತಾಗಿದ ಬಾಟಲಿ ಅಲ್ಲೇ ಗಡ್ಡೆಯಾಗುತ್ತದೆ. ಬಿಸಿಲಲ್ಲಿ ಕೆಟ್ಟ ಲಸಿಕೆಗಿಂತ ಅತಿಯಾಗಿ ತಂಪು ಮಾಡಲು ಹೋಗಿ ಕೆಟ್ಟದ್ದೇ ಕಮ್ಮಿಯೇನಿಲ್ಲ.

ದೊಡ್ಡ ರಾಸಿಗೆ 2 ಮಿಲೀ ಲೆಕ್ಕದಲ್ಲಿ 100 ಮಿಲೀ ಬಾಟಲಿಯಲ್ಲಿ 50 ಡೋಸ್. ಒಂದು ಸಲಕ್ಕೆ ಒಂದೇ ಬಾಟಲಿ ಹೊರಗೆ. ಎಳೆಯುವ ಮೊದಲು ನಿಧಾನವಾಗಿ ತಿರುಗಿಸಿ ಮಿಶ್ರ ಮಾಡಿ. ತೆರೆದ ಬಾಟಲಿಯನ್ನು ನಾಳೆಗೆ ಅಂತ ಎತ್ತಿಡಬೇಡಿ. ಹಾಗಾಗಿ ದಿನದ ಕೊನೆಗೆ ಒಟ್ಟು ರಾಸು 50ರ ಗುಣಕಕ್ಕೆ ಹೊಂದುವಂತೆ ಮನೆಗಳನ್ನು ಕರೆಯಿರಿ. ಇದು ಡೇರಿಯವರಿಂದ ಮಾತ್ರ ಆಗೋ ಕೆಲಸ, ಯಾರ ಮನೇಲಿ ಎಷ್ಟು ರಾಸು ಅನ್ನೋದು ನಿಮಗೇ ಗೊತ್ತಿರೋದು.

ಹಟ್ಟಿ_ಪುತ್ತೂರು

ನಮ್ಮ ಕಡೆ ಸಮಸ್ಯೆ ಬೇರೆ. ಒಂದು ಮನೆಗೂ ಇನ್ನೊಂದು ಮನೆಗೂ ನಡುವೆ ತೋಟ, ಗುಡ್ಡ. ಮನೆಗೆ ಎರಡೋ ಮೂರೋ ದನ. ದಿನಕ್ಕೆ ಇಷ್ಟು ರಾಸು ಎಂಬ ಗುರಿ ಇಲ್ಲಿ ನಡೆಯುವುದಿಲ್ಲ, ಐಸ್‌ಪ್ಯಾಕ್ ಎಷ್ಟು ಹೊತ್ತು ಬರುತ್ತದೆ ಎಂಬುದೇ ದಿನದ ಅಳತೆ. ಮಧ್ಯಾಹ್ನಕ್ಕೆ ಐಸ್‌ಪ್ಯಾಕ್ ಬದಲಿಸಲು ದಾರಿಯ ಮಧ್ಯೆ ಒಂದು ಮನೆಯ ಫ್ರೀಜರನ್ನು ಮೊದಲೇ ಗೊತ್ತು ಮಾಡಿಟ್ಟರೆ ಕೆಲಸ ಸಲೀಸು.

ಒಂದು ಪ್ರಶ್ನೆ. ಹಟ್ಟಿಗೆ ಫಿನಾಯಿಲ್ ಹಾಕಿ ತೊಳೆಯುವುದು ಎಲ್ಲ ಮನೆಗಳಲ್ಲೂ ಉಂಟು. ಕಾಲುಬಾಯಿ ಜ್ವರಕ್ಕೆ ಅಷ್ಟು ಸಾಕಲ್ಲವೇ?

ನಿವೃತ್ತ_ಪಶುವೈದ್ಯ

ಸಾಲದು. ಹಣ ಕೊಟ್ಟು ತಂದು ಸುರಿದರೂ ಪ್ರಯೋಜನ ಕಡಿಮೆ. ಈ ವೈರಸ್ಸಿಗೆ ಹೊರಗಿನ ಕೊಬ್ಬಿನ ಹೊದಿಕೆ ಇಲ್ಲ, ಫಿನಾಯಿಲ್ ಜಾತಿಯ ಔಷಧಿಗಳು ಅದನ್ನು ಸುಲಭವಾಗಿ ಮುರಿಯುವುದಿಲ್ಲ. ಅದರ ದೌರ್ಬಲ್ಯ ಇರುವುದು ಹುಳಿ ಮತ್ತು ಕ್ಷಾರದಲ್ಲಿ. ಪಿಎಚ್ 6ಕ್ಕಿಂತ ಕೆಳಗೆ ಅಥವಾ 9ಕ್ಕಿಂತ ಮೇಲೆ ಹೋದರೆ ಅದು ಉಳಿಯುವುದಿಲ್ಲ. ಅದಕ್ಕೇ ಬಟ್ಟೆ ಒಗೆಯುವ ವಾಷಿಂಗ್ ಸೋಡಾ ಇಲ್ಲಿ ರಾಜ.

ಅಳತೆ: ಶೇ. 4 ದ್ರಾವಣ. ಲೀಟರ್ ನೀರಿಗೆ 40 ಗ್ರಾಂ, 100 ಲೀಟರ್ ಡ್ರಮ್ಮಿಗೆ 4 ಕೆಜಿ. ಮೊದಲು ಸಗಣಿ, ಮೇವಿನ ಕಸ ಕೆರೆದು ತೆಗೆದು ನೀರು ಹಾಕಿ ತೊಳೆಯಿರಿ. ಸಗಣಿಯ ಮೇಲೆ ಏನು ಸುರಿದರೂ ವೈರಸ್ ಅದರ ಅಡಿಯಲ್ಲಿ ಸುರಕ್ಷಿತವಾಗಿರುತ್ತದೆ. ಆಮೇಲೆ ಸೋಡಾ ನೀರು ಹಾಕಿ ಕನಿಷ್ಠ 10 ನಿಮಿಷ ಒದ್ದೆಯಾಗಿಯೇ ಬಿಡಿ. ಗೋದಲಿಯನ್ನು ಆಮೇಲೆ ಸಾದಾ ನೀರಿನಲ್ಲಿ ತೊಳೆದು ಮೇವು ಹಾಕಿ.

ತಪ್ಪಾಗುವ ಜಾಗ ಎರಡು. ಒಂದು, ಅಂಗಡಿಯಲ್ಲಿ "ಸೋಡಾ ಕೊಡಿ" ಅಂದರೆ ಅಡುಗೆ ಸೋಡಾ ಕೊಡುತ್ತಾರೆ. ಅದರ ಕ್ಷಾರ ಈ ಕೆಲಸಕ್ಕೆ ಸಾಲದು. ಎರಡು, ಅಲ್ಯುಮಿನಿಯಂ ಹಾಲಿನ ಕ್ಯಾನಿಗೆ ಸೋಡಾ ನೀರು ಹಾಕಿದರೆ ಲೋಹ ತಿಂದುಹೋಗುತ್ತದೆ. ಲೋಹದ ಪಾತ್ರೆಗಳಿಗೆ ಲೀಟರಿಗೆ 2 ಗ್ರಾಂ ಸಿಟ್ರಿಕ್ ಆಮ್ಲ, ಅಂದರೆ ನಿಂಬೆಹುಳಿ ಪುಡಿ, ಬೆರೆಸಿದ ನೀರು ಬಳಸಿ ಆಮೇಲೆ ಚೆನ್ನಾಗಿ ತೊಳೆಯಿರಿ. ಪುತ್ತೂರಿನವರು ಗಮನಿಸಬೇಕಾದ್ದು: ನಿಮ್ಮ ಮಳೆಗೆ ಬಾಗಿಲ ಬಳಿ ಕಾಲು ಅದ್ದಲು ಇಡುವ ಸೋಡಾ ನೀರಿನ ತೊಟ್ಟಿ ಒಂದೇ ಗಂಟೆಯಲ್ಲಿ ತೆಳುವಾಗುತ್ತದೆ. ಅದನ್ನು ಮಾಡಿನ ಕೆಳಗೇ ಇಡಬೇಕು.

ಕುರಿಹಿಂಡು_ಬಾಗಲಕೋಟೆ

ಎಲ್ಲಾರೂ ದನದ್ದೇ ಹೇಳಾಕತ್ತೀರಿ, ಕುರಿ ಬಗ್ಗೆನೂ ಒಂಚೂರು ಇರಲಿ ರೀ. ನಮ್ಮ ಕಡೆ ಹಿಂಡು ಒಂದು ಊರಾಗ ನಿಲ್ಲಂಗಿಲ್ಲ. ಮಳಿ ಮುಗಿದ ಮ್ಯಾಲೆ ಮೇವು ಹುಡುಕ್ಕೊಂಡು ಜಿಲ್ಲಾ ದಾಟಿ ಹೋಗ್ತಾವ. ಲಸಿಕೆ ತಂಡ ಊರಿಗೆ ಬಂದಾಗ ಹಿಂಡು ಇರಂಗಿಲ್ಲ, ಹಿಂಡು ಊರಿಗೆ ಬಂದಾಗ ತಂಡ ಇರಂಗಿಲ್ಲ. ಕುರಿ, ಆಡಿಗೆ ಬರೋ ಹಿರೇಬೇನೆ ಅಂತೀವಲ್ಲ, ಪಿಪಿಆರ್, ಅದು ಹಿಂಗ ಒಂದು ಹಿಂಡಿನಿಂದ ಇನ್ನೊಂದಕ್ಕ ದಾರಿಮ್ಯಾಲೆ ಹತ್ತತೈತಿ.

ಅದಕ್ಕ ಹಿಂಡು ಹೊರಡೋ ಮೊದಲ ಲಸಿಕೆ ಆಗಬೇಕು, ಕನಿಷ್ಠ ಮೂರು ವಾರ ಮುಂಚೆ. ಪಿಪಿಆರ್ ಲಸಿಕೆ ನಮ್ಮ ದೇಶದಾಗ ತಯಾರಾದದ್ದು, ಸುಂಗ್ರಿ-96 ಅನ್ನೋ ತಳಿಯಿಂದ. ಕುರಿಗಾಗಲಿ ಆಡಿಗಾಗಲಿ 1 ಮಿಲೀ, ಚರ್ಮದ ಕೆಳಗ. ಒಮ್ಮೆ ನಾಟಿದರ ಮೂರು ವರ್ಷದ ಮ್ಯಾಲೆ ಬರತೈತಿ. ಅದು ಪುಡಿರೂಪದಾಗ ಬರೋ ಜೀವಂತ ಲಸಿಕೆ. ತಂಪು ಮಾಡಿದ ದ್ರಾವಣದಾಗ ಕಲಿಸಿದ ಮ್ಯಾಲೆ ಒಂದೆರಡು ತಾಸಿನಾಗ ಮುಗಸಬೇಕು, ಅಲ್ಲೀತನಕ ಐಸ್ ಮ್ಯಾಲೆ, ನೆರಳಾಗ ಇರಬೇಕು. 300 ಕುರಿ ಹಿಂಡಿಗೆ 100 ಡೋಸಿನ ಮೂರು ಬಾಟಲಿ ಬೇಕು ಅಂದರ ಮೂರನ್ನೂ ಒಮ್ಮೆಲೆ ಕಲಿಸಬ್ಯಾಡ್ರಿ. ಒಂದು ಮುಗಿದ ಮ್ಯಾಲೆ ಇನ್ನೊಂದು. ಸಿರಿಂಜನ್ನ ಡೆಟಾಲಿನಾಗ, ಸ್ಪಿರಿಟಿನಾಗ ಅದ್ದಿ ತಗದು ಹಂಗ ಚುಚ್ಚಿದರ ಲಸಿಕೆ ಸತ್ತಹೋಗತೈತಿ. ಕುದಿಸಿ ಆರಿಸಿದ್ದು, ಇಲ್ಲಾ ಹೊಸಾದು ಬಳಸ್ರಿ.

ಹಾಕಿದ ಕುರಿಗೆ ಬೆನ್ನಮ್ಯಾಲೆ ಕಾವಿ ಬಳೀರಿ. ಇಲ್ಲಾಂದರ ಒಂದಕ್ಕ ಎರಡು ಸಲ, ಇನ್ನೊಂದಕ್ಕ ಇಲ್ಲವೇ ಇಲ್ಲ ಅನ್ನೂ ಹಂಗ ಆಗತೈತಿ. ಬ್ಯಾರೆ ಬ್ಯಾರೆ ಹಿಂಡಿಗೆ ಬ್ಯಾರೆ ಸೂಜಿ ಇರಲಿ.

ಶೀತಲಪೆಟ್ಟಿಗೆ

ಬಾಗಲಕೋಟೆಯವರು ಹೇಳಿದ ಸ್ಪಿರಿಟ್ ಮಾತಿಗೆ ಒಂದು ಸೇರಿಸ್ತೀನಿ. ಚರ್ಮಗಂಟು ರೋಗಕ್ಕೆ ಹಾಕುವ ಮೇಕೆ ಸಿಡುಬಿನ ಲಸಿಕೆಯೂ ಜೀವಂತ ಲಸಿಕೆಯೇ, ಅದೇ ನಿಯಮ. ಕಾಲುಬಾಯಿ ಜ್ವರದ್ದು ನಿರ್ಜೀವ ಲಸಿಕೆ. ಎರಡನ್ನೂ ಒಂದೇ ಪೆಟ್ಟಿಗೆಯಲ್ಲಿ ತಂದಾಗ ಯಾವುದಕ್ಕೆ ಯಾವ ನಿಯಮ ಅನ್ನೋದು ಗೊಂದಲವಾಗುತ್ತೆ. ಬಾಟಲಿಗಳನ್ನು ಬೇರೆ ಬೇರೆ ಬಣ್ಣದ ರಬ್ಬರ್ ಬ್ಯಾಂಡ್ ಹಾಕಿ ವಿಂಗಡಿಸಿಡಿ.

ಸೂಜಿಯ ವಿಷಯಕ್ಕೆ ಬಂದರೆ ರಾಸಿಗೊಂದು ಸೂಜಿ ಇರಲೇಬೇಕು. 2022ರಲ್ಲಿ ಚರ್ಮಗಂಟು ರೋಗ ರಾಜ್ಯದಲ್ಲಿ ಹರಡಿದಾಗ ಕಚ್ಚುವ ನೊಣ, ಸೊಳ್ಳೆ, ಉಣ್ಣೆಗಳ ಬಗ್ಗೆ ಎಲ್ಲರೂ ಮಾತಾಡಿದರು. ಒಂದೇ ಸೂಜಿಯನ್ನು ಹತ್ತು ದನಕ್ಕೆ ಚುಚ್ಚುವ ಕೈಯೂ ಆ ನೊಣದ ಕೆಲಸವನ್ನೇ ಮಾಡುತ್ತದೆ.

ಹಾಲುಸಂಘ_ತುಮಕೂರು

ತುಂಬಾ ಉಪಕಾರ ಆಯ್ತು. ಹಾಲು ಇಳಿಯುತ್ತೆ ಅನ್ನೋರಿಗೆ ಏನು ಹೇಳೋದು? ಗಬ್ಬ ಕಂದಿಹೋಗುತ್ತೆ ಅಂತಲೂ ಕೆಲವರು ಹೆದರ್ತಾರೆ.

ನಿವೃತ್ತ_ಪಶುವೈದ್ಯ

ಸುಳ್ಳು ಹೇಳಿ ಒಪ್ಪಿಸಬೇಡಿ. ಲಸಿಕೆ ಆದ ಎರಡು ಮೂರು ದಿನ ಸಣ್ಣ ಜ್ವರ ಬಂದು ಹಾಲು ಸ್ವಲ್ಪ ಇಳಿಯುವುದು ನಿಜ, ತಾನಾಗಿ ಸರಿಹೋಗುತ್ತದೆ. ಅದನ್ನು ಮೊದಲೇ ಹೇಳಿ. ಹೇಳದೆ ಹಾಕಿಸಿ ಹಾಲು ಇಳಿದರೆ ಆ ಮನೆ ಮುಂದಿನ ಸುತ್ತಿಗೆ ಬಾಗಿಲು ಹಾಕಿಕೊಳ್ಳುತ್ತದೆ. ರೋಗ ಬಂದರೆ ಕೆಚ್ಚಲು, ಗೊರಸು ಎರಡೂ ಕೆಟ್ಟು ಆ ಸೂಲಿನ ಹಾಲೇ ಹೋಗುತ್ತದೆ, ಬಿಸಿಲಲ್ಲಿ ಏದುಸಿರು ಬಿಡುವ ದನವಾಗಿ ಉಳಿಯುತ್ತದೆ. ಈ ಎರಡನ್ನೂ ಪಕ್ಕಪಕ್ಕ ಇಟ್ಟು ತೋರಿಸಿ.

ಗಬ್ಬದ ವಿಷಯ: ಕಂದುಹಾಕಲು ಹೆಚ್ಚಿನ ಕಾರಣ ಒರಟಾಗಿ ಹಿಡಿಯುವುದು, ಓಡಿಸುವುದು, ಕೆಡವುವುದು. ಅದಕ್ಕೇ ತುಂಬು ಗಬ್ಬದವುಗಳನ್ನು ಸುತ್ತಿನಲ್ಲಿ ಬಿಡುತ್ತಾರೆ. ಬೇರೆ ಗಬ್ಬದ ಹಸುಗಳನ್ನು ಮನೆಯವರೇ ಮೂಗುದಾರ, ಕೊರಳ ಹಗ್ಗ ಹಿಡಿದು ಅವುಗಳ ಗೂಟದಲ್ಲೇ ನಿಲ್ಲಿಸಿಕೊಡಲಿ. ಲಸಿಕೆಯನ್ನು ಬೆಳಿಗ್ಗೆ ಹಾಲು ಕರೆದ ಮೇಲೆ, ಬಿಸಿಲು ಏರುವ ಮುಂಚೆ ಹಾಕಿಸಿ. ಚುಚ್ಚಬೇಕಾದ ಜಾಗ ಕುತ್ತಿಗೆಯ ಮಧ್ಯದ ಮಾಂಸಖಂಡ, ಆಳವಾಗಿ. ಚರ್ಮದ ಕೆಳಗೆ ಉಳಿದರೆ ಗಂಟು ಕಟ್ಟುತ್ತದೆ. ಹಾಕಿದ ಮೇಲೆ ಅರ್ಧ ಗಂಟೆ ತಂಡ ಅದೇ ಬೀದಿಯಲ್ಲಿರಬೇಕು. ತೀರ ಅಪರೂಪಕ್ಕೆ ಮೈ ಊದಿ ಉಸಿರು ಕಟ್ಟುವ ಅಲರ್ಜಿ ಬರುತ್ತದೆ, ಅದಕ್ಕೆ ಚುಚ್ಚುವ ಔಷಧಿ ವೈದ್ಯರ ಚೀಲದಲ್ಲಿರುತ್ತದೆ.

ಲಸಿಕೆ ಹಾಕುವವರ ಕೈಗೇ ಸೂಜಿ ಚುಚ್ಚಿದರೆ ಕಡೆಗಣಿಸಬಾರದು. ಎಣ್ಣೆ ಲಸಿಕೆ ಬೆರಳೊಳಗೆ ಹೋದರೆ ಮೊದಲ ಗಂಟೆಯಲ್ಲಿ ಸಣ್ಣ ನೋವಷ್ಟೇ ಕಾಣುತ್ತದೆ, ಆಮೇಲೆ ಊದಿ ರಕ್ತಸಂಚಾರ ನಿಂತು ಬೆರಳನ್ನೇ ಕಳೆದುಕೊಳ್ಳುವ ಅಪಾಯವಿದೆ. ಬಾಟಲಿಯ ಲೇಬಲ್ ಜೊತೆ ಕೂಡಲೇ ಆಸ್ಪತ್ರೆಗೆ ಹೋಗಬೇಕು. 4ರಿಂದ 8 ತಿಂಗಳ ಹೆಣ್ಣು ಕರುಗಳಿಗೆ ಜೀವಮಾನದಲ್ಲಿ ಒಮ್ಮೆ ಹಾಕುವ, ಗಬ್ಬ ಕಂದಿಹೋಗುವ ಕಂದು ರೋಗದ ಲಸಿಕೆ ಇನ್ನೂ ಅಪಾಯಕಾರಿ, ಅದರಲ್ಲಿರುವುದು ಜೀವಂತ ಬ್ರುಸೆಲ್ಲಾ ಬ್ಯಾಕ್ಟೀರಿಯಾ. ಕಣ್ಣಿಗೆ ಹಾರಿದರೂ ಮನುಷ್ಯನಿಗೆ ರೋಗ ಅಂಟಬಹುದು. ಕೈಗವಸು, ಕನ್ನಡಕ ಇಲ್ಲದೆ ಆ ಬಾಟಲಿ ಮುಟ್ಟಲು ಬಿಡಬೇಡಿ. ಕರು ಹಿಡಿಯುವ ನಿಮ್ಮ ಊರಿನ ಹುಡುಗರಿಗೂ ಅವು ಬೇಕು.

ಪಂಚಾಯ್ತಿ_ಸದಸ್ಯೆ

ರೋಗ ಬಂದರೆ ಮೊದಲ ದಿನ ಏನು ಅಂತ ಕೇಳಿದ್ದಕ್ಕೆ ಪಂಚಾಯ್ತಿ ಕಡೆಯಿಂದ ಹೇಳ್ತೀನಿ. 2009ರ ಪ್ರಾಣಿಗಳ ಸಾಂಕ್ರಾಮಿಕ ರೋಗ ತಡೆ ಮತ್ತು ನಿಯಂತ್ರಣ ಕಾಯ್ದೆ ಪ್ರಕಾರ ಅನುಮಾನ ಬಂದ ಕೂಡಲೇ ತಿಳಿಸೋದು ರಾಸಿನ ಮಾಲೀಕರ ಕರ್ತವ್ಯ. ಪಂಚಾಯ್ತಿ ಅದನ್ನು ಹತ್ತಿರದ ಪಶುವೈದ್ಯರಿಗೆ ಬರವಣಿಗೆಯಲ್ಲಿ ಮುಟ್ಟಿಸಬೇಕು. ರೋಗದ ರಾಸನ್ನು ಬೇರೆ ಕಟ್ಟೋದೂ ಮಾಲೀಕರ ಹೊಣೆ. ರೋಗದಿಂದ ಸತ್ತ ರಾಸನ್ನು ಕೆರೆ, ಹೊಳೆ, ಕಾಲುವೆಗೆ ಹಾಕೋದು ಅಪರಾಧ.

ಜನ ತಿಳಿಸೋದಿಲ್ಲ, ಯಾಕೆ ಅಂದರೆ "ಡೇರಿಯಲ್ಲಿ ಹಾಲು ತಗೊಳಲ್ಲ, ಸಂತೆ ಮುಚ್ಚಿಸ್ತಾರೆ" ಅನ್ನೋ ಭಯ. ಆ ಭಯ ಹೋಗಿಸದೆ ಬರೀ ಕಾಯ್ದೆ ಓದಿ ಹೇಳಿದರೆ ಪ್ರಯೋಜನ ಇಲ್ಲ. ನಾಲ್ಕು ದಿನ ಮುಚ್ಚಿಟ್ಟರೆ ಅಷ್ಟರಲ್ಲಿ ರೋಗ ಡೇರಿಯ ದಾರಿಯಲ್ಲೇ ಊರೆಲ್ಲ ಸುತ್ತಿರುತ್ತೆ. ಗುಳ್ಳೆ ಕಾಣಿಸೋ ಮುಂಚೆಯೇ ಹಾಲಿನಲ್ಲಿ ವೈರಸ್ ಇರುತ್ತೆ ಅಂತ ನಮ್ಮ ವೈದ್ಯರು ಹೇಳಿದ್ದು. ಡಾಕ್ಟ್ರೇ, ಇದನ್ನ ಸ್ವಲ್ಪ ಬಿಡಿಸಿ ಬರೀರಿ.

ನಿವೃತ್ತ_ಪಶುವೈದ್ಯ

ಹೌದಮ್ಮ, ಸರಿಯಾಗಿ ಹೇಳಿದಿರಿ. ಸೋಂಕು ತಗುಲಿ ಲಕ್ಷಣ ಕಾಣಲು 2ರಿಂದ 14 ದಿನ. ಆ ಅವಧಿಯ ಕೊನೆಯ ದಿನಗಳಲ್ಲೇ ಹಾಲು, ಜೊಲ್ಲು, ಉಸಿರಿನಲ್ಲಿ ವೈರಸ್ ಹೊರಬರಲು ಶುರುವಾಗಿರುತ್ತದೆ.

ಅನುಮಾನಪಡಬೇಕಾದದ್ದು ಯಾವಾಗ? ಒಂದೇ ಕೊಟ್ಟಿಗೆಯಲ್ಲಿ ಎರಡು ದಿನದೊಳಗೆ ಎರಡು ರಾಸು ನೂಲಿನಂಥ ಜೊಲ್ಲು ಸುರಿಸುತ್ತ, ಬಾಯಿ ಚಪ್ಪರಿಸುತ್ತ, ಕಾಲು ಕೊಡವುತ್ತ, ಮೇವು ಬಿಟ್ಟಿದ್ದರೆ. ಅಥವಾ ಕಣ್ಣಿಗೆ ಚೆನ್ನಾಗಿದ್ದ ಎಳೆಗರು ಹಾಲು ಕುಡಿದು ದಿಢೀರ್ ಬಿದ್ದು ಸತ್ತಿದ್ದರೆ. ಎಳೆಗರುವಿನ ಹೃದಯದ ಮಾಂಸಕ್ಕೇ ಈ ವೈರಸ್ ಹೊಡೆಯುತ್ತದೆ, ಬಾಯಿಯಲ್ಲಿ ಒಂದು ಹುಣ್ಣೂ ಇರುವುದಿಲ್ಲ. ಹೀಗಾಗಿ ಕರು ಸತ್ತದ್ದನ್ನು ಹಾವು ಕಚ್ಚಿತು, ದೃಷ್ಟಿಯಾಯಿತು ಅಂದುಕೊಂಡು ಬಿಟ್ಟುಬಿಡುತ್ತಾರೆ. ಅದು ಬಹಳ ಸಲ ಊರಿಗೆ ಬರುವ ಮೊದಲ ಸೂಚನೆ.

ಆ ಗಂಟೆಯಲ್ಲಿ ಮಾಡಬೇಕಾದ್ದು: ಪಶು ಆಸ್ಪತ್ರೆಗೆ ಅಥವಾ 1962 ಸಹಾಯವಾಣಿಗೆ ಕರೆ. ಬಾಯಿಗೆ, ಗೊರಸಿಗೆ ಏನನ್ನೂ ಹಚ್ಚದೆ ವೈದ್ಯರು ಬರುವ ತನಕ ಬಿಡಿ. ಒಡೆಯದ ಗುಳ್ಳೆಯ ಸಿಪ್ಪೆಯೇ ಅವರಿಗೆ ಬೇಕಾದ ಮಾದರಿ, ಒಂದು ಗ್ರಾಂನಷ್ಟು. ಅದನ್ನು ಅರ್ಧ ಗ್ಲಿಸರಿನ್, ಅರ್ಧ ಫಾಸ್ಫೇಟ್ ದ್ರಾವಣದಲ್ಲಿಟ್ಟು ಐಸಿನ ಮೇಲೆ ಹೆಬ್ಬಾಳದ ಪಶು ಆರೋಗ್ಯ ಮತ್ತು ಜೈವಿಕ ಸಂಸ್ಥೆಗೆ ಕಳಿಸುತ್ತಾರೆ. ಫಾರ್ಮಲಿನ್‌ಗೆ ಹಾಕಿದರೆ ವೈರಸ್ ಸತ್ತು ಅದನ್ನು ಬೆಳೆಸಿ ನೋಡಲು ಆಗುವುದಿಲ್ಲ. ಯಾವ ಬಗೆಯ ವೈರಸ್ ಎಂದು ತಿಳಿಯುವುದು ಮುಖ್ಯ, ಏಕೆಂದರೆ ಓ ಬಗೆಗೆ ಬಂದ ರಕ್ಷಣೆ ಏಷ್ಯಾ-1ಕ್ಕೆ ನಿಲ್ಲುವುದಿಲ್ಲ.

ಮಾದರಿ ತೆಗೆದ ಮೇಲೆ ಶುಶ್ರೂಷೆ: ಲೀಟರಿಗೆ 1 ಗ್ರಾಂ ಪೊಟ್ಯಾಸಿಯಂ ಪರ್ಮಾಂಗನೇಟ್ ಹಾಕಿದ ನೀರಿನಲ್ಲಿ ಬಾಯಿ, ಗೊರಸಿನ ಸಂದು ತೊಳೆದು, ಬಾಯಿಗೆ ಬೋರಿಕ್ ಪುಡಿ-ಗ್ಲಿಸರಿನ್, ಗೊರಸಿಗೆ ನೊಣ ಕೂರದಂತೆ ಬೇವಿನೆಣ್ಣೆ. ತಿನ್ನಲು ರಾಗಿ ಅಂಬಲಿ, ಎಳೆ ಹುಲ್ಲು. ಗಟ್ಟಿ ಕಡ್ಡಿ ಕೊಟ್ಟರೆ ನಾಲಿಗೆಯ ಸಿಪ್ಪೆಯೇ ಕಿತ್ತುಬರುತ್ತದೆ. ಕರುಗಳನ್ನು ತಾಯಿಯಿಂದ ಬಿಡಿಸಿ ಕುದಿಸಿ ಆರಿಸಿದ ಹಾಲು ಕುಡಿಸಿ.

ಡೇರಿಯ ವಿಷಯ ಕಾರ್ಯದರ್ಶಿಗಳಿಗೆ: ರೋಗ ಬಂದ ಮನೆಯವರು ಕ್ಯಾನ್ ಹಿಡಿದು ಸರದಿಯಲ್ಲಿ ನಿಲ್ಲಬಾರದು. ಹಾಲು ಹಾಕುವವರ ಚಪ್ಪಲಿ, ಕ್ಯಾನಿನ ಅಡಿ, ಅಳತೆ ಪಾತ್ರೆ ಇವೇ ರೋಗದ ವಾಹನ. ಬಾಗಿಲಲ್ಲಿ ಗೋಣಿಚೀಲ ಹಾಸಿ ಸೋಡಾ ನೀರಿನಲ್ಲಿ ನೆನೆಸಿಡಿ, ದಿನಕ್ಕೆ ಎರಡು ಸಲ ಬದಲಿಸಿ. ಕೃತಕ ಗರ್ಭಧಾರಣೆಗೆ ಬರುವವರೂ ಆ ಬೀದಿಗೆ ಹದಿನೈದು ದಿನ ಬರದಿರಲಿ.

ಕುರಿಹಿಂಡು_ಬಾಗಲಕೋಟೆ

ರೋಗ ಬಂದ ಊರಾಗ ಉಳಿದ ದನಕ್ಕ ಕೂಡಲೇ ಲಸಿಕೆ ಹಾಕಿಸಿಬಿಟ್ಟರ ಆಗಂಗಿಲ್ಲೇನ್ರಿ ಡಾಕ್ಟ್ರೇ?

ನಿವೃತ್ತ_ಪಶುವೈದ್ಯ

ಹಾಕಬೇಕು, ಆದರೆ ಹೊರಗಿನಿಂದ ಒಳಕ್ಕೆ. ಸುತ್ತಲಿನ ಸುಮಾರು 5 ಕಿಲೋಮೀಟರ್‌ ದೂರದ ಊರುಗಳಿಂದ ಶುರುಮಾಡಿ ರೋಗದ ಊರಿನ ಕಡೆಗೆ ಬರಬೇಕು. ರೋಗದ ಕೊಟ್ಟಿಗೆಯಿಂದ ಶುರುಮಾಡಿದ ತಂಡ ಮುಂದಿನ ಮನೆಗೆ ಲಸಿಕೆಗಿಂತ ಮೊದಲು ವೈರಸ್ ತಲುಪಿಸುತ್ತದೆ. ಲಸಿಕೆಯ ರಕ್ಷಣೆ ಬರಲು ಎರಡು ಮೂರು ವಾರ ಬೇಕು, ಸೋಂಕಿಗೆ ಎರಡು ದಿನ ಸಾಕು. ಆಗಲೇ ಸೋಂಕು ಹತ್ತಿದ ರಾಸಿಗೆ ಲಸಿಕೆ ಹಾಕಿದರೆ ನಾಲ್ಕು ದಿನಕ್ಕೆ ರೋಗ ಕಾಣಿಸಿಕೊಳ್ಳುತ್ತದೆ, "ಲಸಿಕೆಯಿಂದಲೇ ಬಂತು" ಎಂಬ ಮಾತು ಊರಲ್ಲಿ ಹುಟ್ಟುತ್ತದೆ. 2013ರಲ್ಲಿ ರಾಜ್ಯದಲ್ಲಿ ಈ ರೋಗ ದೊಡ್ಡದಾಗಿ ಬಂದಾಗ ಲಸಿಕೆ ಬಗ್ಗೆ ಹುಟ್ಟಿದ ಅನುಮಾನ ಇನ್ನೂ ಪೂರ್ತಿ ಹೋಗಿಲ್ಲ.

ಇನ್ನೊಂದು ವಿಷಯ ತಿಳಿದಿರಲಿ. 2019ರ ಸೆಪ್ಟೆಂಬರ್ 11ರಂದು ಮಥುರಾದಲ್ಲಿ ಶುರುವಾದ ರಾಷ್ಟ್ರೀಯ ಕಾರ್ಯಕ್ರಮಕ್ಕೆ ಐದು ವರ್ಷಕ್ಕೆ 13,343 ಕೋಟಿ ರೂಪಾಯಿ ಇಟ್ಟಿದ್ದರು, 2030ಕ್ಕೆ ರೋಗ ತೊಲಗಿಸುವ ಗುರಿ. ಕೆಲಸ ಆಗುತ್ತಿದೆಯೋ ಇಲ್ಲವೋ ಎಂದು ನೋಡಲು ಲಸಿಕೆಗೆ ಮೊದಲು ಮತ್ತು ಸುಮಾರು 28 ದಿನದ ಬಳಿಕ ಆಯ್ದ ರಾಸುಗಳ ರಕ್ತ ತೆಗೆಯುತ್ತಾರೆ. ಇನ್ನೊಂದು ಪರೀಕ್ಷೆ, ಮೈಯಲ್ಲಿರುವ ಪ್ರತಿಕಾಯ ಲಸಿಕೆಯಿಂದ ಬಂದದ್ದೋ ನಿಜ ಸೋಂಕಿನಿಂದಲೋ ಎಂದು ಬೇರ್ಪಡಿಸಿ ಹೇಳುತ್ತದೆ. ರಕ್ತ ತೆಗೆಯಲು ಬಂದವರನ್ನು ಜನ ವಾಪಸ್ ಕಳಿಸುತ್ತಾರೆ. ದಯವಿಟ್ಟು ಕಳಿಸಬೇಡಿ. ದನಗಳ ದೊಡ್ಡರೋಗವನ್ನು (ರಿಂಡರ್‌ಪೆಸ್ಟ್) ದೇಶದಿಂದ ತೊಲಗಿಸಿದ್ದು ಲಸಿಕೆ ಒಂದೇ ಅಲ್ಲ. ಕೊನೆಯ ಪ್ರಕರಣ 1995ರಲ್ಲಿ ಕಂಡ ಮೇಲೂ ವರ್ಷಗಟ್ಟಲೆ ಊರೂರು ಹುಡುಕಿ, ರಕ್ತ ಪರೀಕ್ಷಿಸಿ, 2006ರಲ್ಲಿ ದೇಶ ಮುಕ್ತವೆಂದು ಮಾನ್ಯತೆ ಪಡೆಯಿತು. 2011ರಲ್ಲಿ ಇಡೀ ಜಗತ್ತೇ ಮುಕ್ತವಾಯಿತು.

ಪಂಚಾಯ್ತಿ_ಸದಸ್ಯೆ

ಸತ್ತ ರಾಸು ಹೂಳೋ ಬಗ್ಗೆಯೂ ಬರೀರಿ. ನಾವು ಗುಂಡಿಗೆ ಸುಣ್ಣ ಹಾಕಿ ಮುಚ್ಚಿಸ್ತೀವಿ. ಎಲ್ಲ ರೋಗಕ್ಕೂ ಅದೇ ಸಾಕಾ?

ಶೀತಲಪೆಟ್ಟಿಗೆ

ಕಾಲುಬಾಯಿ, ಚರ್ಮಗಂಟು ರೋಗಕ್ಕೆ 6 ಅಡಿ ಆಳದ ಗುಂಡಿ, ಸುಣ್ಣ, ಮೇಲೆ ಜಾಲಿಮುಳ್ಳು ಸಾಕು. ಬಾವಿ, ಕೊಳವೆಬಾವಿ, ಹಳ್ಳದಿಂದ ದೂರ, ಮಳೆನೀರು ನಿಲ್ಲದ ಎತ್ತರದ ಜಾಗ. ಜಾಗ ಈಗಲೇ ಗುರುತಿಸಿಡಿ. ರಾಸು ಸತ್ತ ದಿನ ಜೆಸಿಬಿ ಹುಡುಕೋಕೆ ಹೋದರೆ ಹೆಣ ಬೇಲಿ ಪಕ್ಕ ಬೀಳುತ್ತೆ, ನಾಯಿ ಎಳೆಯುತ್ತೆ.

ನೆರಡಿ ರೋಗ (ಆಂಥ್ರಾಕ್ಸ್) ಮಾತ್ರ ಬೇರೆ. ರಾಸು ಅಥವಾ ಕುರಿ ದಿಢೀರ್ ಸತ್ತು, ಹೊಟ್ಟೆ ಬೇಗ ಉಬ್ಬಿ, ಮೂಗು, ಬಾಯಿ, ಗುದದಿಂದ ಹೆಪ್ಪುಗಟ್ಟದ ಕಪ್ಪು ರಕ್ತ ಬಂದಿದ್ದರೆ, ಮೈ ಸೆಟೆಯದಿದ್ದರೆ, ಹೆಣವನ್ನು ಕೊಯ್ಯಲೇಬಾರದು, ಚರ್ಮ ಸುಲಿಯಲೇಬಾರದು, ಮಾಂಸ ಹಂಚಬಾರದು. ಗಾಳಿ ತಾಗಿದ ಕೂಡಲೇ ಆ ಬ್ಯಾಕ್ಟೀರಿಯಾ ಬೀಜಕಣವಾಗಿ ಹತ್ತಾರು ವರ್ಷ ಮಣ್ಣಲ್ಲಿರುತ್ತದೆ. ವೈದ್ಯರು ಕಿವಿಯ ತುದಿಯಿಂದ ಒಂದು ಹನಿ ರಕ್ತ ಗಾಜಿನ ಮೇಲೆ ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಸಾಕು. ರಂಧ್ರಗಳಿಗೆಲ್ಲ ಫಾರ್ಮಲಿನ್‌ನಲ್ಲಿ ನೆನೆಸಿದ ಹತ್ತಿ ತುರುಕಿ, ಎಳೆದಾಡದೆ, ಪ್ಲಾಸ್ಟಿಕ್ ಹಾಳೆಯ ಮೇಲೆ ಸಾಗಿಸಬೇಕು. ಸಾಧ್ಯವಾದರೆ ಸುಡೋದೇ ಒಳ್ಳೇದು.

ಸುಣ್ಣದ ಬಗ್ಗೆ: ನಮ್ಮಲ್ಲಿ ನೆರಡಿಗೂ ಸುಣ್ಣ ಹಾಕೋ ರೂಢಿ ಇದೆ. ಆದರೆ ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗದರ್ಶಿಯಲ್ಲಿ ಇದಕ್ಕೆ ಸುಣ್ಣ ಬೇಡ ಅಂತಿದೆ. ಸುಣ್ಣದ ಕ್ಯಾಲ್ಸಿಯಂ ಬೀಜಕಣ ಬಾಳಲು ನೆರವಾಗಬಹುದು ಅನ್ನೋದು ಕಾರಣ. ಹಾಗಾಗಿ ಸುಣ್ಣ ಹಾಕಿದೆವು ಅಂತ ಆಳ ಕಮ್ಮಿ ಮಾಡಬೇಡಿ, ಆ ಜಾಗದಲ್ಲಿ ಮುಂದೆ ಮೇಯಿಸಬೇಡಿ, ಉಳಬೇಡಿ. ಬೇಲಿ ಹಾಕಿ, ಪಂಚಾಯ್ತಿ ದಾಖಲೆಯಲ್ಲಿ ಸರ್ವೆ ನಂಬರ್ ಸಮೇತ ಬರೆದಿಡಿ. ಮುಟ್ಟಿದ ಮನುಷ್ಯರಿಗೆ ಕಪ್ಪು ಹುಣ್ಣು ಎದ್ದರೆ ಅದೇ ದಿನ ಆಸ್ಪತ್ರೆ.

ಹಟ್ಟಿ_ಪುತ್ತೂರು

ಕೊಯ್ಯದೆ ಹೂಳಿದರೆ ಪರಿಹಾರಕ್ಕೆ ಮರಣೋತ್ತರ ವರದಿ ಎಲ್ಲಿಂದ ತರುವುದು? ಆ ಹೆದರಿಕೆಯಿಂದಲೇ ಕೆಲವರು ಕೊಯ್ಯಿಸುತ್ತಾರೆ.

ಪಂಚಾಯ್ತಿ_ಸದಸ್ಯೆ

ವೈದ್ಯರು ಬಂದು ನೋಡಿ ರಕ್ತಲೇಪನದ ವರದಿಯ ಜೊತೆ ಪ್ರಮಾಣಪತ್ರ ಕೊಡ್ತಾರೆ, ಅದಕ್ಕೇ ಅವರು ಬರೋ ತನಕ ಹೆಣ ಅಲ್ಲಾಡಿಸಬಾರದು. ರಾಜ್ಯದ ಅನುಗ್ರಹ ಯೋಜನೆಯಲ್ಲಿ 2025-26ರ ಬಜೆಟ್ಟಿನಲ್ಲಿ ಪರಿಹಾರವನ್ನು ದನ, ಎಮ್ಮೆಗೆ 10,000ದಿಂದ 15,000 ರೂಪಾಯಿಗೆ, ಕುರಿ, ಮೇಕೆಗೆ 5,000ದಿಂದ 7,500ಕ್ಕೆ ಏರಿಸಿದ್ದಾರೆ. ದನಕ್ಕೆ ಗುರುತಿಗೆ ಹಾಕಿದ ಕಿವಿಯೋಲೆಯ 12 ಅಂಕಿ ಕಾಣೋ ಹಾಗೆ ಫೋಟೋ ತೆಗೀರಿ, ಒಂದು ಮುಖದ್ದು, ಒಂದು ಪೂರ್ತಿ ಮೈಯದ್ದು. ಖಾಸಗಿ ವಿಮೆ ಇದ್ದರೂ ಓಲೆ ಇಲ್ಲದೆ ಹಣ ಬರಲ್ಲ.

ಹಾಲುಸಂಘ_ತುಮಕೂರು

ಕಿವಿಯೋಲೆ ಬಿದ್ದುಹೋದ ರಾಸು ನಮ್ಮಲ್ಲಿ 30ಕ್ಕೂ ಹೆಚ್ಚಿವೆ. ಕಿವಿ ಹರಿದವೂ ಇವೆ. ಮಳೆಗಾಲದಲ್ಲಿ ಹುಳ ಬೀಳುತ್ತೆ ಅಂತ ಹಾಕಿಸೋಕೆ ಒಪ್ಪಲ್ಲ. ಏನು ಮಾಡೋದು?

ಶೀತಲಪೆಟ್ಟಿಗೆ

ಓಲೆಯನ್ನು ಕಿವಿಯ ಅಂಚಿಗೆ ಹಾಕಿದ್ದಕ್ಕೇ ಹರಿದಿರೋದು. ಕಿವಿಯ ಒಳಮೈಯಲ್ಲಿ ಉದ್ದಕ್ಕೂ ಎರಡು ಗೆರೆಯಂಥ ಮೃದ್ವಸ್ಥಿ ಸಿಗುತ್ತೆ. ಅವೆರಡರ ನಡುವೆ, ಕಿವಿಯ ಮಧ್ಯಭಾಗದಲ್ಲಿ, ರಕ್ತನಾಳ ತಪ್ಪಿಸಿ ಚುಚ್ಚಬೇಕು. ಇಕ್ಕಳದ ಸೂಜಿ, ಓಲೆಯ ಗುಂಡಿ ಎರಡನ್ನೂ ಪೊವಿಡೋನ್ ಅಯೋಡಿನ್‌ನಲ್ಲಿ ಅದ್ದಿ ಹಾಕಿ. ಆಮೇಲೆ ಐದು ದಿನ ಬೇವಿನೆಣ್ಣೆ ಹಚ್ಚಿದರೆ ಹುಳ ಬೀಳೋದು ಬಹಳ ಮಟ್ಟಿಗೆ ತಪ್ಪುತ್ತೆ. ಹಗ್ಗದ ಗಂಟು ಓಲೆಗೆ ಸಿಕ್ಕಿಕೊಳ್ಳದಂತೆ ನೋಡಿಕೊಳ್ಳಿ.

ಸುತ್ತಿಗೆ ಹತ್ತು ದಿನ ಮೊದಲು ಆ 30 ರಾಸುಗಳ ಪಟ್ಟಿಯನ್ನು ಹಳೆಯ ನಂಬರ್ ಸಮೇತ ಆಸ್ಪತ್ರೆಗೆ ಕೊಡಿ. ಹೊಸ ಓಲೆ ಹಾಕಿದಾಗ ಭಾರತ್ ಪಶುಧನ್ ಅನ್ನೋ ರಾಸುಗಳ ಆನ್‌ಲೈನ್ ದಾಖಲೆಯಲ್ಲಿ ಹಳೇ ನಂಬರಿಗೆ ಹೊಸದನ್ನು ಜೋಡಿಸಲು ಹೇಳಿ. ಜೋಡಿಸದೆ ಹೊಸ ರಾಸು ಅಂತ ನೋಂದಾಯಿಸಿದರೆ ಹಿಂದಿನ ಲಸಿಕೆಯೆಲ್ಲ ದಾಖಲೆಯಿಂದ ಅಳಿಸಿಹೋದ ಹಾಗೆ, ಊರಲ್ಲಿ ಇಲ್ಲದ ರಾಸೂ ಲೆಕ್ಕದಲ್ಲಿ ಉಳಿಯುತ್ತೆ. ಮಾಲೀಕರ ಮೊಬೈಲ್ ನಂಬರ್ ಬದಲಾಗಿದ್ದರೆ ಅದನ್ನೂ ಆವತ್ತೇ ಸರಿಮಾಡಿಸಿ.

ನಿವೃತ್ತ_ಪಶುವೈದ್ಯ

ಪಟ್ಟಿ ಮಾಡುವಾಗ ಇನ್ನೆರಡು ಕಾಲಂ ಸೇರಿಸಿ. ಒಂದು, ಕರುಗಳ ಹುಟ್ಟಿದ ದಿನ, ಬೂಸ್ಟರ್ ದಿನ ಅದರಿಂದಲೇ ಬರುತ್ತದೆ. ಇನ್ನೊಂದು, ಕಳೆದ ಮೂರು ವಾರದಲ್ಲಿ ಸಂತೆ, ಜಾತ್ರೆಯಿಂದ ಕೊಂಡುತಂದ ರಾಸು. ಅವುಗಳನ್ನು 21 ದಿನ ಬೇರೆ ಕಟ್ಟಿ, ಬೇರೆ ಬಕೆಟ್ಟಿನಲ್ಲಿ ನೀರು ಕುಡಿಸಿ, ಕೆಲಸದ ಕೊನೆಗೆ ಅವುಗಳ ಹತ್ತಿರ ಹೋಗಿ. ಪಶುರೋಗಗಳ ಅಧ್ಯಯನ ನಡೆಸುವ ಯಲಹಂಕದ ನಿವೇದಿ ಸಂಸ್ಥೆ ಯಾವ ಜಿಲ್ಲೆಯಲ್ಲಿ ಯಾವ ರೋಗದ ಸಂಭವ ಎಂದು ಎರಡು ತಿಂಗಳು ಮುಂಚಿತವಾಗಿ ಮುನ್ಸೂಚನೆ ಪ್ರಕಟಿಸುತ್ತದೆ. ನಿಮ್ಮ ಜಿಲ್ಲೆಯ ಸಾಲು ನೋಡಿಕೊಂಡು, ಗಂಟಲು ಊದುವ ಗಳಲೆ ರೋಗ, ಮಾಂಸಖಂಡ ಊದುವ ಚಪ್ಪೆ ರೋಗದ ಲಸಿಕೆಯನ್ನು ಮಳೆಗೆ ಮುಂಚೆ, ಮೇ ತಿಂಗಳೊಳಗೆ ಕೇಳಿ ತರಿಸಿಕೊಳ್ಳಿ. ಬೇಡಿಕೆ ಪತ್ರ ಸಂಘದ ಲೆಟರ್‌ಹೆಡ್ಡಿನಲ್ಲಿ, ರಾಸುಗಳ ಸಂಖ್ಯೆ ಸಮೇತ ಇರಲಿ, ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ.

ಹಾಲುಸಂಘ_ತುಮಕೂರು

ಪಟ್ಟಿ ಇವತ್ತು ಸಂಜೆಯ ಹಾಲಿನ ಸರದಿಯಲ್ಲೇ ಶುರು ಮಾಡ್ತೀವಿ. ವಾಷಿಂಗ್ ಸೋಡಾ 25 ಕೆಜಿ ತರಿಸ್ತಿದ್ದೇವೆ. ಎರಡನೇ ಭೇಟಿಯ ದಿನಾಂಕವನ್ನೂ ಅದೇ ಪತ್ರದಲ್ಲಿ ಬರೆದು ಕೊಡ್ತೀವಿ ಡಾಕ್ಟ್ರೇ.